ಉಡಿ ಅಕ್ಕಿಯೂ ಎಪ್ಪತ್ತು ಪಾಯಿಂಟೂ

ಜೂನ್ ೨೯, ರವಿವಾರ. ದಾಂಡೇಲಿ

ಸಿಟ್ಟು ಯಾರ ಮೇಲೆ ತೀರಿಸಬೇಕೋ ತಿಳಿಯದೆ ಈ ಪುಸ್ತಕ ತೆಗೆದು ಕೂತಿದ್ದೇನೆ. ಪೇಪರ್ ಮಿಲ್ಲಿನಲ್ಲಿ ಕತ್ತರಿಸಿ ಉಳಿದ ಹಾಳೆಗಳನ್ನು ನಮ್ಮ ಯಜಮಾನರು ಹೊಲಿದು ತಂದದ್ದು. ಇಷ್ಟು ದಿನ ಇದರಲ್ಲಿ ಹಾಲಿನ ಲೆಕ್ಕ ಬಿಟ್ಟು ಬೇರೆ ಬರೆದವಳಲ್ಲ. ಇವತ್ತು ಬರೆಯದಿದ್ದರೆ ಇವರ ಜೊತೆ ಜಗಳ ಆಗುತ್ತದೆ, ಗೋಡೆಯಾಚೆ ಮಾಲವ್ವನಿಗೆ ಎಲ್ಲಾ ಕೇಳುತ್ತದೆ.

ಹೋದ ತಿಂಗಳು ಹಳಿಯಾಳ ಬಸ್‌ಸ್ಟ್ಯಾಂಡಿನಲ್ಲಿ ಇವರು ಯಾವುದೋ ಚೀಟಿ ತುಂಬಿ ಕೊಟ್ಟಿದ್ದರಂತೆ. ಡಿನ್ನರ್ ಸೆಟ್ ಬಹುಮಾನ ಬಂದಿದೆ, ಗಂಡ ಹೆಂಡತಿ ಜೋಡಿಯಾಗಿಯೇ ಬರಬೇಕು ಎಂದು ಫೋನು. ಇವತ್ತು ಹೋದೆವು. ಕಾಳಿತೀರ ಹಾಲಿಡೇ ಕ್ಲಬ್ ಅಂತೆ, ನಮ್ಮ ಕ್ವಾರ್ಟರ್ಸಿನಿಂದ ಮೂರು ಕಿಲೋಮೀಟರು, ಹೊಳೆಯ ಕಡೆ. ಸ್ವಪ್ನಾ ಅನ್ನುವ ಹುಡುಗಿ ಬಾಗಿಲಿಗೇ ಬಂದು "ಬರ್ರಿ ಅವ್ವಾರ, ಬರ್ರಿ ಕಾಕಾ" ಎಂದು ಕೈಹಿಡಿದು ಒಳಗೆ ಕರೆದಳು. ಗೋಡೆಯ ಮೇಲೆ ಗೋವಾ, ಊಟಿ, ಕಾಶ್ಮೀರ ತೋರಿಸಿದಳು. ಒಮ್ಮೆ ದುಡ್ಡು ಕಟ್ಟಿದರೆ ಇಪ್ಪತ್ತು ವರ್ಷ, ವರ್ಷಕ್ಕೆ ಎಪ್ಪತ್ತು ಪಾಯಿಂಟು. ಆ ಪಾಯಿಂಟು ಕೊಟ್ಟು ಯಾವ ಊರಿನ ಕೋಣೆಯಲ್ಲಾದರೂ ಮಲಗಬಹುದು. ಇವರು ಎದ್ದು, "ವಿಚಾರ ಮಾಡಿ ಹೇಳ್ತೇವ್ರಿ" ಅಂದರು. ಆಗ ಆ ಹುಡುಗಿ ಮಣೆ ತಂದಿಟ್ಟಳು.

"ಮುತ್ತೈದಿ ಬಂದೀರಿ, ಖಾಲಿ ಉಡೀಲೆ ಕಳಸೂದಿಲ್ಲ ನಾವು."

ನಾನು ಕೂತೆ. ಸೆರಗು ಒಡ್ಡಿದೆ. ಅಕ್ಕಿ, ತೆಂಗಿನಕಾಯಿ, ರವಿಕೆಯ ಖಣ, ಎಲೆ ಅಡಿಕೆ, ಉತ್ತತ್ತಿ, ಅರಿಷಿಣಬೇರು. ಎಲ್ಲಾ ಬಿದ್ದ ಮೇಲೆ ಕಾಗದ ಮುಂದೆ ತಂದರು. ಉಡಿ ತುಂಬಿಸಿಕೊಂಡು, ಕೊಟ್ಟವರ ಎದುರಿಗೇ ಒಲ್ಲೆ ಎಂದು ಎದ್ದು ಬರಲಿಕ್ಕೆ ನನಗೆ ಬಾಯಿ ಬರಲಿಲ್ಲ. ಇವರ ಮುಖ ನೋಡಿದೆ. ಇವರು ನನ್ನ ಮುಖ ನೋಡಿದರು. ನಾನು ಹೂಂ ಅಂದೆ ಅಂತ ಇವರು ತಿಳಿದರು, ಇವರು ಹೂಂ ಅಂದರು ಅಂತ ನಾನು. ಚೆಕ್‌ಬುಕ್ ಮನೆಯಲ್ಲಿದೆ ಎಂದರೆ ಕಾರಿನಲ್ಲಿ ಇವರನ್ನು ಕರೆದುಕೊಂಡು ಹೋಗಿ ತರಿಸಿದರು. ಅಷ್ಟು ಹೊತ್ತು ನಾನು ಉಡಿ ಹಿಡಿದುಕೊಂಡು ಮಣೆಯ ಮೇಲೇ ಕೂತಿದ್ದೆ.

ಮೂರು ಲಕ್ಷ ಅರವತ್ತು ಸಾವಿರ. ಸ್ಲ್ಯಾಬ್ ಹಾಕುವ ದುಡ್ಡು ಅದು! ಹಳಿಯಾಳದ ಸೈಟಿನಲ್ಲಿ ಗೋಡೆಗಳು ಎದ್ದು ನಿಂತಿವೆ, ತಲೆಯ ಮೇಲೆ ಏನೂ ಇಲ್ಲ. ಇವರಿಗೆ ಸೆಪ್ಟೆಂಬರ್ ಕೊನೆಗೆ ರಿಟೈರ್ಡು. ಆಮೇಲೆ ಹದಿನೈದು ದಿನದಲ್ಲಿ ಕ್ವಾರ್ಟರ್ಸ್ ಬಿಡಬೇಕು. ಸ್ಲ್ಯಾಬ್ ಆಗದಿದ್ದರೆ ಪಕ್ಕದ ಸೈಟಿನಲ್ಲಿರುವ ಮೈದುನ ವೀರೇಶನ ಮನೆ ಸೇರಬೇಕು. ವೀರೇಶನದು ಏನೂ ಇಲ್ಲ, ದೇವರಂಥವನು. ಮನೆ ನಡೆಸುವವಳು ಅವನ ಹೆಂಡತಿ ಪೂರ್ಣಿಮಾ.

ಆ ಮನೆಯ ಹೊಸ್ತಿಲು ಭಿಕ್ಷೆಗೆಂದು ನಾನು ದಾಟುವವಳಲ್ಲ. ಅತ್ತೆ ತೀರಿಕೊಂಡ ಮೇಲೆ ತಾಮ್ರದ ಹಂಡೆ ಒಳಗೆ ಎಳೆದುಕೊಂಡು, "ನಿಮ್ಮ ಕ್ವಾರ್ಟರ್ಸಿನ್ಯಾಗ ಇದಕ್ಕ ಜಾಗಾ ಎಲ್ಲೈತ್ರಿ ಅಕ್ಕಾರ" ಅಂದವಳು. ಹಿರಿ ಸೊಸೆ ನಾನು, ಹಂಡೆ ನನಗೆ ಬರಬೇಕಿತ್ತು. ಅವಳ ನಗು ಇನ್ನೂ ಕಣ್ಣ ಮುಂದಿದೆ.

ಜುಲೈ ೩, ಗುರುವಾರ

ಡಿನ್ನರ್ ಸೆಟ್ಟಿನ ಎರಡು ತಟ್ಟೆ ಬಿಸಿ ಸಾರಿಗೇ ಬಿರುಕು ಬಿಟ್ಟವು.

ಇವರು ಮಾತ್ರ ಖುಷಿಯಲ್ಲಿದ್ದಾರೆ. ಶಿಫ್ಟ್ ಮುಗಿಸಿ ಬಂದು ದಿನಾ ಒಂದೇ ಲೆಕ್ಕ. ದಾಂಡೇಲಿಗೆ ಬರುವ ಮಂದಿ ಸೀಜನ್ನಿನಲ್ಲಿ ಒಂದು ರಾತ್ರಿಗೆ ಆರು ಸಾವಿರ ಸುರಿಯುತ್ತಾರೆ, ರಾತ್ರಿಗೆ ಹತ್ತು ಪಾಯಿಂಟಿನಂತೆ ನಮ್ಮದು ವರ್ಷಕ್ಕೆ ಏಳು ರಾತ್ರಿ, ನಲವತ್ತೆರಡು ಸಾವಿರ. "ಒಂಬತ್ತು ವರ್ಷಕ್ಕ ನಮ್ಮ ರೊಕ್ಕ ನಮಗ ಬಂತು. ಮುಂದಿಂದೆಲ್ಲಾ ಲಾಭ ನೋಡು. ಸೈಟ್ ಇದ್ದಂಗ ಇದು."

ನಗಬೇಕೋ ಅಳಬೇಕೋ. ಆದರೆ ಪೂರಾ ತಪ್ಪು ಅಂತಲೂ ಹೇಳಲಾರೆ. ಈ ಊರಲ್ಲಿ ನಾಲ್ಕು ಮನೆಗೊಂದು ಹೋಂಸ್ಟೇ ಬೋರ್ಡು. ಶನಿವಾರ ಬಂದರೆ ಹುಬ್ಬಳ್ಳಿ, ಬೆಳಗಾವಿ ಕಾರುಗಳು ಕಾಯಿಪಲ್ಲೆ ಸಂತೆಗೆ ಹೋಗಲೂ ದಾರಿ ಬಿಡುವುದಿಲ್ಲ. ಬೇರೆ ಊರಿನವರಾಗಿದ್ದರೆ ತಿರುಗಾಡುವ ಆಸೆಗೆ ಬೀಳುತ್ತಿದ್ದರು. ನಾವು ಬಿದ್ದದ್ದು ಬಾಡಿಗೆಯ ಆಸೆಗೆ.

ಜುಲೈ ೧೨, ಶನಿವಾರ

ಇವರ ಗೆಳೆಯರ ಕಡೆಯಿಂದ ಹುಬ್ಬಳ್ಳಿಯ ಒಂದು ಕುಟುಂಬ ಬರುವ ಶನಿವಾರಕ್ಕೆ ಕೋಣೆ ಕೇಳಿತು. ನಮ್ಮ ಪಾಯಿಂಟಿನಲ್ಲಿ ಕೊಡೋಣ ಎಂದು ಕ್ಲಬ್ಬಿಗೆ ನಾನೇ ಫೋನು ಮಾಡಿದೆ.

ಶನಿವಾರದ ಒಂದು ರಾತ್ರಿಗೆ ಹತ್ತಲ್ಲ, ಇಪ್ಪತ್ತು ಪಾಯಿಂಟು ಬೇಕಂತೆ. ಏಳು ರಾತ್ರಿ ಎಂದದ್ದು ಮೂರೂವರೆಗೆ ಇಳಿಯಿತು. ಬಾಡಿಗೆಗೆ ಕೊಡುವ ಹಾಗಿಲ್ಲ. ನೆಂಟರು ಎಂದು ಬರೆದು ಕಳಿಸಿದರೆ ಅದಕ್ಕೊಂದು ಫೀ. ಮಾರುವ ಹಾಗೂ ಇಲ್ಲ. ನಾವು ಹೋಗಲಿ ಬಿಡಲಿ, ವರ್ಷಕ್ಕೆ ಹನ್ನೆರಡು ಸಾವಿರ ಮೇಂಟೆನನ್ಸ್ ಕಟ್ಟಲೇಬೇಕು.

ಕ್ವಾರ್ಟರ್ಸಿನ ಹೆಂಗಸರು ತಿಂಗಳು ತಿಂಗಳು ದುಡ್ಡು ಹಾಕುವ ಚೀಟಿ ವರ್ಷಗಟ್ಟಲೆ ನಡೆಸಿದವಳು ನಾನು. ಮೊದಲೇ ಕೂತು ಈ ಲೆಕ್ಕ ಹಾಕಬಾರದಿತ್ತೇ? ಆ ದುಡ್ಡು ಬ್ಯಾಂಕಿನಲ್ಲಿದ್ದರೆ ನೂರಕ್ಕೆ ಏಳರಂತೆ ವರ್ಷಕ್ಕೆ ಇಪ್ಪತ್ತೈದು ಸಾವಿರದ ಇನ್ನೂರು ಬಡ್ಡಿ ಬರುತ್ತಿತ್ತು. ಅದು ಹೋಯಿತು. ಮೇಲೆ ಹನ್ನೆರಡು ಸಾವಿರ. ಎರಡೂ ಕೂಡಿಸಿ ಎಪ್ಪತ್ತರಿಂದ ಭಾಗಿಸಿದರೆ ಒಂದು ಪಾಯಿಂಟಿಗೆ ಐದುನೂರಾ ಮೂವತ್ತೊಂದು ರೂಪಾಯಿ ಬಿತ್ತು. ಶನಿವಾರದ ಒಂದು ರಾತ್ರಿ ಅಂದರೆ ಹತ್ತು ಸಾವಿರದ ಮೇಲೆ. ಮಾಲವ್ವನ ಮಗಳು ರೂಪಾಲಿಯ ಮೊಬೈಲಿನಲ್ಲಿ ನೋಡಿದೆ. ಅದೇ ಕ್ಲಬ್ಬು, ಅದೇ ಶನಿವಾರ, ಅದೇ ಕೋಣೆ, ಯಾರು ಬೇಕಾದರೂ ಐದು ಸಾವಿರಕ್ಕೆ ತೆಗೆದುಕೊಳ್ಳಬಹುದು. ನಾಷ್ಟಾ ಪುಕ್ಕಟೆ. ಅಸಲು ಇಪ್ಪತ್ತು ವರ್ಷಕ್ಕೆ ಸೊನ್ನೆಯಾಗುವುದನ್ನು ನಾನಿನ್ನೂ ಲೆಕ್ಕಕ್ಕೇ ಹಿಡಿದಿಲ್ಲ.

ನಮಗಂತೂ ಅದರ ಬೆಲೆ ಮೂರು ಕಾಸೂ ಅಲ್ಲ. ಮನೆಯಿಂದ ಮೂರು ಕಿಲೋಮೀಟರು ಹೋಗಿ ಮಲಗಿ ಬರಲು ನಮಗೇನು ಹುಚ್ಚು ಹಿಡಿದಿದೆಯೇ?

ಕಾಗದದ ಹಿಂದೆ ಇರುವೆ ಸಾಲಿನಂಥ ಅಕ್ಷರ. ಕನ್ನಡಕ ಹಾಕಿ ಓದಿದೆ. ಹತ್ತು ದಿನದ ಒಳಗೆ ಬರೆದು ಕೊಟ್ಟರೆ ಪೂರಾ ದುಡ್ಡು ವಾಪಸ್. ಅದು ಮುಗಿದದ್ದು ಬುಧವಾರ.

ಇವರಿಗೆ ಹೇಳಿದೆ. ಊಟದ ತಟ್ಟೆ ಸರಿಸಿ ಎದ್ದು ಹೊರಗೆ ಹೋದರು. ಬೈಯಲು ಇಟ್ಟುಕೊಂಡಿದ್ದ ಮಾತೆಲ್ಲ ನನ್ನ ಬಾಯಲ್ಲೇ ಉಳಿಯಿತು.

ಜುಲೈ ೧೩, ರವಿವಾರ

ಜಗಳಕ್ಕೆಂದೇ ಹೋದೆ. ಇವರು ಬರಲಿಲ್ಲ. ಸ್ವಪ್ನಾಳ ಮುಖಕ್ಕೆ ಕಾಗದ ಎಸೆದು, ನಾಲ್ಕು ಮಂದಿ ಕೇಳುವ ಹಾಗೆ ಕೂಗಬೇಕು ಎಂದು ಆಟೋದಲ್ಲಿ ಕೂತು ಮಾತು ಜೋಡಿಸಿಕೊಂಡಿದ್ದೆ.

ಹೋದಾಗ ಅಲ್ಲಿ ಒಬ್ಬಳಿಗೆ ಉಡಿ ತುಂಬುತ್ತಿದ್ದರು. ತುಂಬುತ್ತಿದ್ದವಳು ಪ್ಯಾಂಟು ಹಾಕಿದ ಹುಡುಗಿ. ಒಂದೇ ಕೈಯಲ್ಲಿ ಅಕ್ಕಿ ಸುರಿಯುತ್ತಿದ್ದಾಳೆ! ಕಾಯಿಯ ಜುಟ್ಟು ಹೊರಗೆ. ಅರಿಷಿಣ ಕುಂಕುಮ ಹಚ್ಚುವುದೇ ಮರೆತಿದ್ದಾಳೆ. ನನ್ನ ಸಿಟ್ಟು ಆ ಕಡೆ ತಿರುಗಿತು.

"ಏ ತಂಗಿ, ಅದೇನು ಗೋಣಿಚೀಲಾ ತುಂಬ್ಲಿಕ್ಹತ್ತೀಯೇನು? ಸರಿ ಅತ್ತಾಗ."

ಕೈಕಾಲು ತೊಳೆದು ಬಂದು ನಾನೇ ತುಂಬಿದೆ. ಆ ಹೆಣ್ಣುಮಗಳು ಮುಂಡಗೋಡದವಳು, ಕಣ್ಣು ಒದ್ದೆ ಮಾಡಿಕೊಂಡು ನನ್ನ ಕಾಲಿಗೆ ಬಿದ್ದಳು. ಆಮೇಲೆ ಸ್ವಪ್ನಾ ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದಳು. ನಾನು ಬೈದೆ. ಅವಳು ಬೈಸಿಕೊಂಡಳು, ಒಂದಕ್ಕೂ ಎದುರು ಆಡಲಿಲ್ಲ. ಕಡೆಗೆ ಅಂದಳು:

"ಅವ್ವಾರ, ನಿಮ್ಮ ರೊಕ್ಕ ವಾಪಸ್ ಕೊಡಸೂ ಜವಾಬ್ದಾರಿ ನಂದು. ಪ್ರತಿ ರವಿವಾರ ಬಂದು ಉಡಿ ತುಂಬ್ರಿ. ನಿಮ್ಮ ಕೈಲೆ ಉಡಿ ತುಂಬಿಸ್ಕೊಂಡವ್ರು ಐದು ಜೋಡಿ ಮೆಂಬರ್ ಆದ್ರ ಕ್ಲಬ್ಬಿನವ್ರ ನಿಮ್ಮದು ತಿರುಗಿ ತಗೋತಾರ. ನಾನು ಮ್ಯಾಲಿನವ್ರ ಕಡೆ ಮಾತಾಡೇನಿ."

ಕಳ್ಳಿ. ಅವಳ ಮಾತು ನಂಬಿದೆ ಅಂತಲ್ಲ. ಆದರೆ ಶಾಸ್ತ್ರ ಕೆಟ್ಟದಾಗಿ ನಡೆಯುವುದನ್ನು ನೋಡಿ ಸುಮ್ಮನಿರಲೂ ಆಗುವುದಿಲ್ಲ. ಸ್ಲ್ಯಾಬಿಗೆ ಬೇರೆ ದಾರಿಯೂ ಕಾಣುತ್ತಿಲ್ಲ.

ಜುಲೈ ೨೦, ರವಿವಾರ

ಇಬ್ಬರಿಗೆ ತುಂಬಿದೆ. ಒಂದು ಜೋಡಿ ಸಹಿ ಮಾಡಿತು, ಬೆಳಗಾವಿಯವರು, ದುಡ್ಡಿದ್ದವರು. ಇಂಥವರು ಕಳೆದುಕೊಂಡರೆ ಹೊಟ್ಟೆ ಉರಿಯುವುದಿಲ್ಲ.

ಉಡಿ ಅಕ್ಕಿ ರೇಷನ್ ಅಕ್ಕಿ ಆಗಿತ್ತು. ಒಳ್ಳೆಯದು ತರಿಸಿ ಎಂದು ಹೇಳಿ ಬಂದಿದ್ದೇನೆ.

ಜುಲೈ ೨೯, ಪಂಚಮಿ

ಪೂರ್ಣಿಮಾ ವೀರೇಶನ ಕೈಯಲ್ಲಿ ಒಂದು ಡಬ್ಬಿ ಶೇಂಗಾ ಉಂಡಿ ಕಳಿಸಿದ್ದಾಳೆ. ಬೆಲ್ಲ ಹೆಚ್ಚಾಗಿತ್ತು, ಎಳ್ಳು ಕಡಿಮೆ. ಎಲ್ಲಾ ತಿಂದೆವು.

ಸ್ಲ್ಯಾಬ್ ಯಾವಾಗ ಅಣ್ಣಾ ಎಂದು ವೀರೇಶ ಕೇಳಿದ. ಇವರು ನೆಲ ನೋಡಿದರು. ಮಳೆ ನಿಲ್ಲಲಿ ಎಂದು ನಾನು ಹೇಳಿದೆ.

ಆಗಸ್ಟ್ ೧೦, ರವಿವಾರ

ಮೂರು ಜೋಡಿ ಆದವು! ಇನ್ನೆರಡು.

ಈಗ ನನಗೆ ಕೆಲಸ ಕೈಗೆ ಹತ್ತಿದೆ. ಮೊದಲೆಲ್ಲ ಉಡಿ ಕೊನೆಗೆ ತುಂಬುತ್ತಿದ್ದರು, ಗಂಡ ಎದ್ದು ನಿಂತ ಮೇಲೆ. ಅದು ತಪ್ಪು. ಗಂಡ ಇನ್ನೂ ಕೂತಿರುವಾಗಲೇ ಹೆಂಡತಿಯನ್ನು ಮಣೆಗೆ ಕರೆಯಬೇಕು. ಅವಳ ತವರು ಯಾವುದು, ಮಕ್ಕಳೆಷ್ಟು ಎಂದು ಕೇಳುತ್ತಾ ನಿಧಾನ ತುಂಬಬೇಕು. ಐದನೇ ಬೊಗಸೆಗೆ ಹೆಂಗಸು ತಾನಾಗಿಯೇ ಗಂಡನ ಕಡೆ ನೋಡುತ್ತಾಳೆ. ಆಗ ನಾನು ಬಾಯಿ ಮುಚ್ಚಿ ಹಿಂದೆ ಸರಿದರಾಯಿತು. ಸ್ವಪ್ನಾ ಬೆರಗಾದಳು. "ಅವ್ವಾರ, ನೀವು ಬಂದ ಮ್ಯಾಲೆ ನಮ್ಮ ಕ್ಲಬ್ಬಿಗೆ ಕಳಾ ಬಂತು ನೋಡ್ರಿ" ಎಂದಳು. ಅವಳ ಬಾಯಿ ಬೆಣ್ಣೆ. ಆದರೂ ಈ ಮಾತು ಸುಳ್ಳಲ್ಲ.

ಧಾರವಾಡದ ಒಬ್ಬಾಕೆ, ವರ್ಷಕ್ಕೆ ಎಷ್ಟು ಬೀಳುತ್ತದೆ ಎಂದು ನನ್ನನ್ನೇ ಕೇಳಿದಳು. ಸೀಜನ್ನಿನಲ್ಲಿ ಹೊರಗೆ ಒಂದು ರಾತ್ರಿಗೆ ಆರು ಸಾವಿರ, ಏಳು ರಾತ್ರಿಗೆ ನಲವತ್ತೆರಡು ಸಾವಿರ ಆಗುತ್ತದೆ, ನೀವೇ ನೋಡಿ ಎಂದೆ. ಅದರಲ್ಲಿ ಸುಳ್ಳೇನಿದೆ? ಸೀಜನ್ನಿನ ರೇಟು ಅದೇ.

ಸಂಜೆ ಕನ್ನಡಿ ಮುಂದೆ ಓಲೆ ಬಿಚ್ಚುವಾಗ ಇವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಮೊದಲ ಆ ಕ್ಲಬ್ಬಿನ ಹೆಸರೆತ್ತಿದ್ರ ಉರದು ಬೀಳ್ತಿದ್ದಿ. ಈಗ ಇಳಕಲ್ ಸೀರಿ ಉಟಗೊಂಡು ಹೊಂಟಿ."

"ಮತ್ತ ಹರಕ ಸೀರಿ ಉಟಗೊಂಡು ಉಡಿ ತುಂಬಬೇಕೇನು?" ಅಂದೆ. ದುಡ್ಡು ಕಳೆದವರು ಅವರು, ತರುವವಳು ನಾನು. ಮೇಲೆ ಇವರ ಮಾತು ಬೇರೆ.

ಆಗಸ್ಟ್ ೨೪, ರವಿವಾರ

ನಾಲ್ಕನೆಯದು ಆಯಿತು.

ಮಾಲವ್ವ ಮತ್ತು ಅವಳ ಗಂಡ ಯಲ್ಲಪ್ಪ. ನಾನು ಕರೆಯಲಿಲ್ಲ, ಇದನ್ನು ಬರೆದಿಡುತ್ತೇನೆ. ಸ್ವಪ್ನಾ ನಿಮ್ಮ ಕ್ವಾರ್ಟರ್ಸಿನವರ ನಾಲ್ಕು ಫೋನ್ ನಂಬರು ಕೊಡಿ ಎಂದಳು, ಕೊಟ್ಟಿದ್ದೆ, ಅಷ್ಟೆ. ಒಳಗೆ ಬಂದವಳು ಮಣೆಯ ಹತ್ತಿರ ನನ್ನನ್ನು ನೋಡಿ ಎಷ್ಟು ಖುಷಿಪಟ್ಟಳೆಂದರೆ, "ಯಕ್ಕಾ, ನೀ ಇಲ್ಲಿ ಅದೀಯಂತ ಗೊತ್ತಿದ್ರ ಅಂಜತಿರ್ಲಿಲ್ಲ ನಾನು" ಎಂದು ಎಲ್ಲರೆದುರು ಕೈ ಹಿಡಿದಳು.

ಇಪ್ಪತ್ತೆಂಟು ವರ್ಷದ ನೆರೆ. ಅವಳ ರೂಪಾಲಿ ನನ್ನ ಮಡಿಲಲ್ಲೇ ಬೆಳೆದದ್ದು. ಹೋಂಸ್ಟೇಗಳಿಗೆ ಜೋಳದ ರೊಟ್ಟಿ ಬಡಿದು ಕೊಟ್ಟು ಒಂದು ಲಕ್ಷ ಎಂಬತ್ತು ಸಾವಿರ ಕೂಡಿಸಿದ್ದಾಳೆ, ರೊಟ್ಟಿ ಮಷೀನು ತರಲಿಕ್ಕೆ. ಭುಜ ಎತ್ತಲಿಕ್ಕೆ ಬರುವುದಿಲ್ಲ ಈಗ ಅವಳಿಗೆ. ಸ್ವಪ್ನಾ ಅಷ್ಟೇ ದುಡ್ಡಿಗೆ ಮೂವತ್ತೈದು ಪಾಯಿಂಟಿನ ಸ್ಕೀಮು ತೆಗೆದಳು.

ನಾಲ್ಕನೇ ಬೊಗಸೆಗೆ ಮಾಲವ್ವ ಗಂಡನ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿದಳು.

"ಯಕ್ಕಾ, ತಗೊಳ್ಳೇನು?"

"ನಾನ ತಗೊಂಡೇನಲ್ಲ" ಅಂದೆ.

ಅದು ನಿಜವೇ. ತೆಗೆದುಕೊಂಡಿದ್ದೇನೆ. ಅವಳು ಸಹಿ ಮಾಡಿದಳು. ಹತ್ತು ದಿನದ ಮಾತು ನೆನಪಾಯಿತು. ಅದನ್ನು ಹೇಳುವುದು ಸ್ವಪ್ನಾಳ ಕೆಲಸ. ನಾನು ಉಡಿ ತುಂಬುವವಳು. ಸಹಿ ಮಾಡೆಂದು ಯಾರ ಕೈಯನ್ನೂ ನಾನು ಹಿಡಿದಿಲ್ಲ. ನನಗೆ ಯಾರಾದರೂ ಹೇಳಿದ್ದರೇ?

ಸಂಜೆ ಮಾಲವ್ವ ಬಿಸಿ ರೊಟ್ಟಿ, ಎಣ್ಣಿಗಾಯಿ ತಂದುಕೊಟ್ಟಳು. ಹಸಿವಿರಲಿಲ್ಲ. ಇವರು ಉಂಡರು.

ಆಗಸ್ಟ್ ೨೬, ಮಂಗಳವಾರ

ಐದನೆಯದು ಯಾರು ಎಂದು ಎರಡು ದಿನ ಯೋಚನೆ ಮಾಡಿದೆ. ಮಧ್ಯಾಹ್ನ ಪಾತ್ರೆ ತಿಕ್ಕುತ್ತಿದ್ದಾಗ ಹೊಳೆಯಿತು. ನಗು ಬಂತು, ಒಬ್ಬಳೇ ನಕ್ಕೆ.

ಪೂರ್ಣಿಮಾ!

ಹಿಟ್ಟಿನ ಗಿರಣಿ ಇದೆ, ಕಬ್ಬಿನ ಬಿಲ್ಲು ಬಂದಿದೆ. ಅವಳ ದುಡ್ಡು ಕ್ಲಬ್ಬಿಗೆ ಹೋಗಲಿ, ಕ್ಲಬ್ಬಿನದು ನನ್ನ ಸ್ಲ್ಯಾಬಿಗೆ ಬರಲಿ. ಹಂಡೆಗೆ ಸರಿಹೋಯಿತು. ಫೋನು ಮಾಡಿದೆ. ನನ್ನ ದನಿ ನನಗೇ ಸಕ್ಕರೆ ಹಾಕಿದ ಹಾಗೆ ಕೇಳಿಸಿತು.

"ಪೂರ್ಣಿಮಾ, ರವಿವಾರ ಇಬ್ಬರೂ ಬರ್ರಿ. ಹಿರೇಕಿ ನಾನು, ನಿನ್ನ ಉಡಿ ತುಂಬಬೇಕಂತ ಮಾಡೇನಿ. ಉಡಿ ತುಂಬ್ತೇನಿ ಅಂದಾಗ ಇಲ್ಲಾ ಅನ್ನಬಾರ್ದು. ಬರೂವಾಗ ಚೆಕ್‌ಬುಕ್ ತಗೊಂಡ ಬಾ, ಒಂದು ಚೊಲೋ ಸ್ಕೀಮ್ ಐತಿ."

"ಬರ್ತೇವ್ರಿ ಅಕ್ಕಾರ" ಎಂದಳು. ದುಡ್ಡಿನ ಮಾತು ಬಂದರೆ ಹ್ಯಾಗೆ ಬರುತ್ತಾಳೆ ನೋಡು.

ಇವರಿಗೆ ಹೇಳಿದರೆ, "ನನ್ನ ತಮ್ಮನ್ನೂ ಬಿಡಾಂಗಿಲ್ಲಾ ನೀ?" ಅಂದರು. ಇಷ್ಟೇ. ಊಟ ಮಾಡದೆ ಮಲಗಿದರು.

ಆಗಸ್ಟ್ ೩೧, ರವಿವಾರ

ಆದದ್ದು ಆದ ಹಾಗೆಯೇ ಬರೆಯುತ್ತೇನೆ.

ಪೂರ್ಣಿಮಾ, ವೀರೇಶ ಕ್ಲಬ್ಬಿಗೆ ಬಂದರು. ಸ್ವಪ್ನಾ ಒಂದು ತಾಸು ಮಾತಾಡಿದಳು. ಪೂರ್ಣಿಮಾ ಒಂದು ಮಾತೂ ಆಡದೆ ಕೇಳಿದಳು. ಪಕ್ಕದ ಟೇಬಲ್ಲಿನಲ್ಲಿ ಹೊಸದಾಗಿ ಮದುವೆಯಾದ ಧಾರವಾಡದ ಜೋಡಿ. ಆ ಹುಡುಗಿಯ ಉಡಿ ಆಗಷ್ಟೇ ತುಂಬಿದ್ದೆ, ಗಂಡ ಪೆನ್ನಿನ ಮುಚ್ಚಳ ತೆಗೆದು ಕಾಗದ ತಿರುವುತ್ತಿದ್ದ. ನನಗೆ ಒಂದು ಬೇಕಿತ್ತು, ಎರಡು ಸಿಗುತ್ತಿದ್ದವು. ಸ್ವಪ್ನಾ ನನ್ನ ಕಡೆ ನೋಡಿ ಕಣ್ಣು ಹೊಡೆದಳು.

ಪೂರ್ಣಿಮಾಳನ್ನು ಮಣೆಗೆ ಕರೆದೆ. ಮೊದಲ ಬೊಗಸೆ ಎತ್ತಿದೆ. ಅವಳು ನನ್ನ ಎರಡೂ ಮುಂಗೈ ಹಿಡಿದಳು.

"ಅಕ್ಕಾರ, ನೀವು ಹಿರೇರು. ನಿಮ್ಮ ಉಡಿ ಖಾಲಿ ಇದ್ದು ನನ್ನ ಉಡಿ ತುಂಬಿದ್ರ ನನಗ ಶ್ರೇಯಸ್ಸಾಗ್ತೈತೇನು? ಮೊದಲ ನೀವು ಕುಂಡರ್ರಿ."

ಸ್ವಪ್ನಾ, "ಎಷ್ಟ ಚಂದ!" ಎಂದು ಚಪ್ಪಾಳೆ ತಟ್ಟಿ ಮೊಬೈಲು ತೆಗೆದಳು. ಮಂದಿ ನೋಡುತ್ತಿದ್ದರು. ಕೂತೆ, ಸೆರಗು ಒಡ್ಡಿದೆ.

ಅವಳು ಎರಡೂ ಕೈಯಿಂದ ತುಂಬಿದಳು. ಐದು ಬೊಗಸೆ. ಕಾಯಿಯ ಜುಟ್ಟು ನನ್ನ ಕಡೆಗೆ ಮಾಡಿ ಇಟ್ಟಳು. ಖಣ ಮಾತ್ರ ತಟ್ಟೆಯದಲ್ಲ, ತನ್ನ ಚೀಲದಿಂದ ತೆಗೆದಳು, ಗುಳೇದಗುಡ್ಡದ್ದು, ಒಳ್ಳೆಯದು. ಎತ್ತಿ ಆಡಲು ಒಂದು ತಪ್ಪೂ ಸಿಗಲಿಲ್ಲ ನನಗೆ. ಕಾಲಿಗೆ ನಮಸ್ಕಾರ ಮಾಡಿ ಎದ್ದವಳು, ಮನೆಯಲ್ಲಿ ಮಾತಾಡುವ ದನಿಯಲ್ಲೇ ಅಂದಳು.

"ಉಡಿ ತುಂಬೂವಾಗ ಇಲ್ಲಾ ಅನ್ನಬಾರ್ದು ಅಂತ ನೀವ ಹೇಳೀರಿ. ಮತ್ತ ಒಂದು ಕೇಳ್ತೇನಿ, ಇಲ್ಲಾ ಅನಬ್ಯಾಡ್ರಿ. ಒಂದು ಪಾಯಿಂಟಿಗೆ ಖರೇ ಎಷ್ಟು ಬೀಳ್ತೈತಿ? ನೀವು ಲೆಕ್ಕಾ ಹಾಕೀರಂತ. ಭಾವಾರು ಮೊನ್ನೆ ಗಿರಣಿ ತನಕ ಬಂದು ಅತ್ತು ಹೋದ್ರು. ಹೇಳ್ರಿ. ಆ ತಂಗಿಗೂ ಕೇಳ್ಲಿ."

ಇವರು ಅತ್ತರೆಂದು ನನಗೆ ಗೊತ್ತಿರಲಿಲ್ಲ.

ಎದ್ದು ಹೋಗಬೇಕೆಂದರೆ ಉಡಿ ತುಂಬ ಅಕ್ಕಿ. ಜೂನ್ ತಿಂಗಳಲ್ಲಿ ಕೂತ ಮಣೆಯೇ ಇದು. ಆ ಧಾರವಾಡದ ಹುಡುಗಿ ಸೆರಗು ಬಿಗಿಯಾಗಿ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು. ಇನ್ನೊಂದು ಸಹಿ ಆದರೆ ನನ್ನ ಸ್ಲ್ಯಾಬು.

"ಐದುನೂರಾ ಮೂವತ್ತೊಂದು" ಅಂದೆ.

"ಜೋರ ಹೇಳ್ರಿ ಅಕ್ಕಾರ."

ಜೋರಾಗಿ ಹೇಳಿದೆ. ಬಡ್ಡಿ ಹೇಳಿದೆ, ಮೇಂಟೆನನ್ಸ್ ಹೇಳಿದೆ, ಶನಿವಾರಕ್ಕೆ ಇಪ್ಪತ್ತು ಪಾಯಿಂಟು ಅಂತ ಹೇಳಿದೆ, ಅದೇ ಕೋಣೆ ಮೊಬೈಲಿನಲ್ಲಿ ಐದು ಸಾವಿರಕ್ಕೆ ಸಿಗುತ್ತದೆ ಅಂತ ಹೇಳಿದೆ. ಸಹಿ ಮಾಡಿದವರು ಹತ್ತು ದಿನದಲ್ಲಿ ಬರೆದು ಕೊಟ್ಟರೆ ದುಡ್ಡು ವಾಪಸ್ ಬರುತ್ತದೆ ಎನ್ನುವುದನ್ನೂ ಹೇಳಿದೆ. ಸ್ವಪ್ನಾ ನಡುವೆ ಬಾಯಿ ಹಾಕಲು ಬಂದರೆ, ವೀರೇಶ, ದೇವರಂಥ ವೀರೇಶ, "ನೀವು ಸುಮ್ಮ ಇರ್ರಿ" ಎಂದು ಗದರಿದ. ಧಾರವಾಡದ ಹುಡುಗ ಪೆನ್ನಿಗೆ ಮುಚ್ಚಳ ಹಾಕಿದ.

ಸ್ವಪ್ನಾ ಬಾಗಿಲ ತನಕ ಬಂದಳು. ಮುಖದಲ್ಲಿ ಬೆಣ್ಣೆ ಇರಲಿಲ್ಲ. "ಇನ್ನ ಒಂದ ಜೋಡಿ ಉಳದಿತ್ತು. ನಿಮ್ಮ ಕೈಲೆ ನೀವ ಕಳಕೊಂಡ್ರಿ."

ಆಟೋದಲ್ಲಿ ಪೂರ್ಣಿಮಾ ಕೇಳಿದಳು, "ಐದು ಜೋಡಿ ಆದ್ರ ರೊಕ್ಕ ಕೊಡ್ತೇವಂತ ಬರದು ಕೊಟ್ಟಿದ್ಲೇನ್ರಿ?"

ನಾನು ಹೊರಗೆ ನೋಡಿದೆ. ಬರೆದು ಕೊಡು ಎಂದು ಕೇಳಬೇಕೆಂದು ನನಗೆ ಒಂದು ದಿನವೂ ಅನ್ನಿಸಿರಲಿಲ್ಲ.

ಮಂದಿಯ ಮುಂದೆ ನನ್ನ ಮಾನ ಕಳೆದಳು. ಇದನ್ನು ನಾನು ಸಾಯುವ ತನಕ ಮರೆಯುವುದಿಲ್ಲ.

ಸೆಪ್ಟೆಂಬರ್ ೧, ಸೋಮವಾರ

ಬೆಳಗ್ಗೆ ಮಾಲವ್ವನ ಬಾಗಿಲಿಗೆ ಹೋದೆ. ರೊಟ್ಟಿ ಬಡಿಯುತ್ತಿದ್ದಳು.

"ಹತ್ತು ದಿನದಾಗ ಬರದು ಕೊಟ್ರ ರೊಕ್ಕ ತಿರುಗಿ ಕೊಡಬೇಕು. ಕಾಗದದ ಹಿಂದ ಐತಿ. ಬುಧವಾರದ ತನಕ ಅವಕಾಶ ಐತಿ ನಿನಗ. ಇವತ್ತ ಹೋಗು" ಅಂದೆ.

ಅವಳ ಕೈ ಹಿಟ್ಟಿನ ಮೇಲೆ ನಿಂತಿತು. ತಟ್ಟನೆ ಅರ್ಥ ಆಗಲಿಲ್ಲ ಅವಳಿಗೆ. ಆಮೇಲೆ ಆಯಿತು.

"ಅವತ್ತ ಗೊತ್ತಿತ್ತೇನು ಯಕ್ಕಾ ನಿನಗ?"

ಹೂಂ ಅಂದೆ.

ಹೆಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಎದ್ದಿತು. ಅವಳು ತೆಗೆಯಲಿಲ್ಲ. ನಾನೇ ತೆಗೆಯಲು ಕೈ ಚಾಚಿದೆ.

"ಮುಟ್ಟಬ್ಯಾಡ" ಅಂದಳು.

ಸೆಪ್ಟೆಂಬರ್ ೧೮, ಗುರುವಾರ

ಮಾಲವ್ವನ ದುಡ್ಡು ಪೂರಾ ವಾಪಸ್ ಬಂದಿದೆ. ರೂಪಾಲಿ ಇವರಿಗೆ ಹೇಳಿದಳಂತೆ, ನನಗಲ್ಲ. ನಮ್ಮದು ಹೋದದ್ದು ಹೋಯಿತು. ಗ್ರಾಹಕರ ಕೋರ್ಟಿಗೆ ಅರ್ಜಿ ಹಾಕೋಣ ಎಂದು ವೀರೇಶ ಓಡಾಡುತ್ತಿದ್ದಾನೆ. ಉಳಿದ ಮೂರು ಜೋಡಿಗಳ ಮನೆ ನನಗೆ ಗೊತ್ತಿಲ್ಲ. ಹೆಸರೂ ಸರಿಯಾಗಿ ನೆನಪಿಲ್ಲ. ತವರು ಯಾವುದೆಂದು ಮಾತ್ರ ನೆನಪಿದೆ, ಬಾಯಿಬಿಟ್ಟು ಕೇಳಿದ್ದೆನಲ್ಲ.

ಮಷೀನು ಬಂದಿದೆ. ಗೋಡೆಯಾಚೆ ಸದ್ದು. ಮೊದಲು ಬೆಳಗ್ಗೆ ರೊಟ್ಟಿ ಬಡಿಯುವ ಸಪ್ಪಳಕ್ಕೆ ನನಗೆ ಎಚ್ಚರವಾಗುತ್ತಿತ್ತು.

ಅಕ್ಟೋಬರ್ ೧೨, ರವಿವಾರ. ಹಳಿಯಾಳ

ಇವತ್ತು ಕ್ವಾರ್ಟರ್ಸ್ ಬಿಟ್ಟೆವು. ಒಂದೇ ಟೆಂಪೋದಲ್ಲಿ ಇಪ್ಪತ್ತೆಂಟು ವರ್ಷ ಹಿಡಿಯಿತು.

ನಮ್ಮ ಸಾಲಿನಲ್ಲಿ ಮನೆ ಬಿಟ್ಟು ಹೋಗುವ ಮುತ್ತೈದೆಗೆ ಎಲ್ಲರೂ ಉಡಿ ತುಂಬಿ ಕಳಿಸುವುದು ಪದ್ಧತಿ. ಎಷ್ಟು ಜನರನ್ನು ಮಾಲವ್ವ, ನಾನು ಕೂಡಿಯೇ ಹಾಗೆ ಕಳಿಸಿದ್ದೇವೆ. ಗೋದುಬಾಯಿ ಬಂದಳು, ಎದುರು ಮನೆಯ ಮಧುಮತಿ ಬಂದಳು, ಹಿಂದಿನ ಸಾಲಿನವರೂ ಬಂದರು. ಮಾಲವ್ವನ ಬಾಗಿಲು ತೆರೆದೇ ಇತ್ತು, ಅವಳು ಬರಲಿಲ್ಲ. ಟೆಂಪೋದವನು ಹಾರ್ನ್ ಹೊಡೆದ. ಇವರು ನಡಿ ಅಂದರು.

ನಾನು ತಟ್ಟೆ ತೆಗೆದುಕೊಂಡೆ. ಒಳ್ಳೆಯ ಅಕ್ಕಿ, ಕಾಯಿ, ಪೂರ್ಣಿಮಾ ಕೊಟ್ಟ ಗುಳೇದಗುಡ್ಡದ ಖಣ. ಅವಳು ಬಾರದಿದ್ದರೆ ನಾನೇ ತುಂಬುತ್ತೇನೆ ಎಂದು ಹೋದೆ. ಮಾಲವ್ವ ಮಷೀನು ನಿಲ್ಲಿಸಿದಳು. ನನ್ನೆದುರು ಬಂದು ನಿಂತಳು. ಬೈಯಲಿಲ್ಲ. ಬೈದಿದ್ದರೆ ನನಗೂ ಬೈಯಲು ಬರುತ್ತಿತ್ತು.

ಬೊಗಸೆಯಲ್ಲಿ ಅಕ್ಕಿ ಎತ್ತಿ ನಿಂತೆ. ಅವಳು ಸೆರಗನ್ನು ಸೊಂಟಕ್ಕೆ ಸುತ್ತಿ, ಸಿಕ್ಕಿಸಿ, ಅದರ ಮೇಲೆ ಎರಡೂ ಕೈ ಇಟ್ಟುಕೊಂಡಳು.

ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ. ಬೆರಳ ಸಂದಿಯಿಂದ ಅಕ್ಕಿ ಅವಳ ಹೊಸ್ತಿಲ ಮೇಲೆ ಸೋರುತ್ತಿತ್ತು. ಇವರು ಬಂದು ನನ್ನ ಹೆಗಲು ಹಿಡಿದು ಕರೆದುಕೊಂಡು ಹೋದರು.

ಪೂರ್ಣಿಮಾ ಹಿಂದಿನ ಕೋಣೆಗೆ ಸುಣ್ಣ ಹೊಡೆಸಿದ್ದಾಳೆ, ನೀಲಿ ಹೆಚ್ಚಾಗಿದೆ. ಸ್ಲ್ಯಾಬ್ ಆಗುವ ತನಕ ಇಲ್ಲೇ ಇರ್ರಿ ಎಂದಳು. ಒಂದು ರಾತ್ರಿಗೆ ಎಷ್ಟು ಎಂದು ಹೇಳಲಿಲ್ಲ. ತಾಮ್ರದ ಹಂಡೆಯಲ್ಲಿ ನನಗೆ ಬಿಸಿನೀರು ಕಾಯಿಸಿದ್ದಳು. ಕುದಿಯುವ ಹಾಗೆ ಕಾಯಿಸಿದ್ದಾಳೆ, ಮೈ ಸುಡುವಷ್ಟು. ಸ್ನಾನ ಮಾಡಿ ಬರುವಷ್ಟರಲ್ಲಿ ನನ್ನ ಸಾಮಾನು ಬಿಚ್ಚಿ ಜೋಡಿಸುತ್ತಿದ್ದಳು. ಕೈಯಲ್ಲಿ ಮಾಲವ್ವನ ಹೊಸ್ತಿಲಿಂದ ತಿರುಗಿ ಬಂದ ಆ ತಟ್ಟೆ.

"ಅಕ್ಕಾರ, ಈ ಉಡಿ ಅಕ್ಕಿ ಯಾರದು?"